ಕಾರ್ಮೆನ್ ಸ್ಯಾಂಡಿಯಾಗೊ ಕಾರ್ಟೂನ್ ಸರಣಿಯ ಡಿವಿಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪು ಕೋಟು, ಕೆಂಪು ಹ್ಯಾಟಿನ ಕಳ್ಳಿಯ ಬೆನ್ನುಹತ್ತಿ ಭೂಗೋಳ, ಇತಿಹಾಸ ಕಲಿಸುವ 1990ರ ದಶಕದ ಪತ್ತೇದಾರಿ ಕಾರ್ಟೂನ್ ‘ವೇರ್ ಆನ್ ಅರ್ತ್ ಈಸ್ ಕಾರ್ಮೆನ್ ಸ್ಯಾಂಡಿಯಾಗೊ?’. ಇದರ ಡಿಸ್ಕ್ ಕೊಳ್ಳುವವರೂ ಕೊಂಡು ಪೇಚಾಡುವವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ‘ಡಿಸ್ಕ್ ಕೆಟ್ಟಿದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಟಿವಿಯ ಅಥವಾ ಪ್ಲೇಯರಿನ ಸೆಟ್ಟಿಂಗ್. ಹಾಗಾಗಿ ಹಿಂದಿರುಗಿಸುವ ಮೊದಲು ಒಮ್ಮೆ ಓದಿ.

ಈ ಹೆಸರಿನಲ್ಲಿ ಎಷ್ಟೊಂದು ಕಾರ್ಯಕ್ರಮಗಳಿವೆಯಲ್ಲ, ಇದು ಯಾವುದು?

ತಪ್ಪು ಡಿಸ್ಕ್ ಕೊಳ್ಳುವುದು ಶುರುವಾಗುವುದೇ ಇಲ್ಲಿಂದ. ಮೂಲ 1985ರಲ್ಲಿ ಬ್ರೋಡರ್‌ಬಂಡ್ ಸಂಸ್ಥೆ ತಂದ ಕಂಪ್ಯೂಟರ್ ಆಟ. ಆ ಆಟದ ಪೆಟ್ಟಿಗೆಯಲ್ಲಿ ಸುಳಿವು ಹುಡುಕಲೆಂದು ಒಂದು ದಪ್ಪ ವಾರ್ಷಿಕ ಮಾಹಿತಿಕೋಶವನ್ನೂ ಇಟ್ಟು ಕೊಡುತ್ತಿದ್ದರು. 1991ರಿಂದ 1995ರವರೆಗೆ ಅಮೆರಿಕದ ಪಿಬಿಎಸ್ ವಾಹಿನಿಯಲ್ಲಿ ಬಂದದ್ದು ‘ವೇರ್ ಇನ್ ದ ವರ್ಲ್ಡ್’. ಅದು ಸ್ಟುಡಿಯೊದಲ್ಲಿ ಮಕ್ಕಳು ಆಡುವ ಕ್ವಿಜ್, ಕಾರ್ಟೂನ್ ಅಲ್ಲ. ಅದರ ಮುಂದಿನದು ‘ವೇರ್ ಇನ್ ಟೈಮ್’, ಅದೂ ಕ್ವಿಜ್ಜೇ. ಇಲ್ಲಿ ಹೇಳುತ್ತಿರುವುದು ಡಿಕ್ ಸಂಸ್ಥೆ ತಯಾರಿಸಿ, ಫಾಕ್ಸ್ ವಾಹಿನಿಯಲ್ಲಿ 1994ರಿಂದ 1999ರವರೆಗೆ ಬಂದ ‘ವೇರ್ ಆನ್ ಅರ್ತ್’. ಒಟ್ಟು 40 ಕಂತು. ಕಾರ್ಮೆನ್‌ಗೆ ದನಿ ಕೊಟ್ಟವರು ರೀಟಾ ಮೊರೆನೊ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಕಾರ್ಮೆನ್ ಸ್ಯಾಂಡಿಯಾಗೊ’ ಬೇರೆ ಸರಣಿ. ಅಲ್ಲಿ ಕಾರ್ಮೆನ್‌ಗೆ ದನಿ ಜೀನಾ ರೊಡ್ರಿಗೆಜ್ ಅವರದು. ಮೊರೆನೊ ಅದರಲ್ಲೂ ಇದ್ದಾರೆ, ಆದರೆ ಬೇರೆ ಪಾತ್ರದಲ್ಲಿ. ಹಾಗಾಗಿ ಹೊದಿಕೆಯ ಮೇಲೆ ಅವರ ಹೆಸರೊಂದನ್ನೇ ನೋಡಿ ನಿರ್ಧರಿಸಬೇಡಿ.

ಗುರುತು ಹಿಡಿಯಲು ಮೂರು ನೋಡಿದರೆ ಸಾಕು: ಶೀರ್ಷಿಕೆಯಲ್ಲಿ ‘ಆನ್ ಅರ್ತ್’ ಎಂಬ ಪದ, ಹಿಂಬದಿಯಲ್ಲಿ ಡಿಕ್ ಹೆಸರು, ಚಿತ್ರದ ಆಕಾರ 4:3 ಎಂಬ ಸೂಚನೆ.

ಒಂದು ಭಾಗದ ಡಿವಿಡಿ, ಪೂರ್ಣ ಸೆಟ್ ಎರಡೂ ಕಾಣುತ್ತಿವೆ. ಯಾವುದು ಕೊಳ್ಳಲಿ?

2006ರಲ್ಲಿ ಶೌಟ್ ಫ್ಯಾಕ್ಟರಿ ಸಂಸ್ಥೆ ‘ವಾಲ್ಯೂಮ್ 1’ ತಂದಿತು. ಅದರಲ್ಲಿರುವುದು ಮೊದಲ ಕೆಲವು ಕಂತು ಮಾತ್ರ. ಎಲ್ಲ 40 ಕಂತು ಇರುವ ಸೆಟ್ ಬಂದದ್ದು 2012ರಲ್ಲಿ, ಮಿಲ್ ಕ್ರೀಕ್ ಸಂಸ್ಥೆಯಿಂದ. ಕಥೆ ಪೂರ್ತಿ ಬೇಕೆನ್ನುವವರಿಗೆ ಎರಡನೆಯದೇ ಸರಿ. ಕೆಲವು ಕಥೆಗಳು ಎರಡು ಮೂರು ಕಂತುಗಳಿಗೆ ಹರಡಿವೆ. ಅರ್ಧ ಸೆಟ್ ತಂದು ಮಗುವಿಗೆ ‘ಮುಂದುವರಿಯುವುದು’ ಎಂಬ ಫಲಕ ತೋರಿಸಿ ಕೈಚೆಲ್ಲುವುದು ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಕಂತು ಎಷ್ಟು?’ ಎಂಬುದು. ‘ಡಿಸ್ಕ್ ಎಷ್ಟು?’ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ.

ಒಂದೇ ಸರಣಿಯನ್ನು ಬೇರೆ ಬೇರೆ ಸಂಸ್ಥೆಗಳು ಯಾಕೆ ಹೊರತಂದವು?

ಡಿಕ್ ಸಂಸ್ಥೆಯ ಕಾರ್ಟೂನ್ ಭಂಡಾರ 2008ರಲ್ಲಿ ಕುಕೀ ಜಾರ್ ಸಂಸ್ಥೆಯ ಪಾಲಾಯಿತು, 2012ರಲ್ಲಿ ಕುಕೀ ಜಾರನ್ನೇ ಡಿಎಚ್‌ಎಕ್ಸ್ ಸಂಸ್ಥೆ ಕೊಂಡಿತು, ಆ ಸಂಸ್ಥೆಯೇ 2019ರಲ್ಲಿ ವೈಲ್ಡ್‌ಬ್ರೇನ್ ಎಂದು ಹೆಸರು ಬದಲಿಸಿಕೊಂಡಿತು. ಡಿಸ್ಕ್ ಅಚ್ಚು ಹಾಕುವ ಹಕ್ಕನ್ನು ಇಂಥ ಮಾಲೀಕರು ಕೆಲವು ವರ್ಷಗಳ ಅವಧಿಗೆ ಬೇರೆಯವರಿಗೆ ಕೊಡುತ್ತಾರೆ. ಅವಧಿ ಮುಗಿದರೆ ಮುದ್ರಣ ನಿಲ್ಲುತ್ತದೆ, ಅಂಗಡಿಯಲ್ಲಿ ಉಳಿದದ್ದು ಖರ್ಚಾಗುತ್ತದೆ, ಆಮೇಲೆ ಹಳೆಯದೇ ದುಬಾರಿ.

ಡಿಸ್ಕ್ ಹಾಕಿದರೆ ‘ರೀಜನ್ ಸರಿಯಿಲ್ಲ’ ಎನ್ನುತ್ತದೆ.

ಡಿವಿಡಿ ಮಾರಾಟಕ್ಕೆಂದು ಜಗತ್ತನ್ನು ರೀಜನ್ ಎಂಬ ವಲಯಗಳಾಗಿ ಹಂಚಿದ್ದಾರೆ. ಈ ಎರಡೂ ಬಿಡುಗಡೆಗಳು ಉತ್ತರ ಅಮೆರಿಕದ ಮಾರುಕಟ್ಟೆಗೆ, ಅಂದರೆ ರೀಜನ್ 1ಕ್ಕೆ ಬಂದವು. ಯುರೋಪ್, ಜಪಾನ್ ರೀಜನ್ 2, ಆಗ್ನೇಯ ಏಷ್ಯಾ 3, ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕ 4, ಭಾರತ, ರಷ್ಯಾ, ಆಫ್ರಿಕಾದ ಹೆಚ್ಚಿನ ಭಾಗ 5, ಚೀನಾ 6. ಬೇರೆ ರೀಜನಿನ ಪ್ಲೇಯರ್ ಡಿಸ್ಕಿನಲ್ಲಿರುವ ಗುರುತನ್ನು ಓದಿ ನಿಂತುಬಿಡುತ್ತದೆ. ಡಿಸ್ಕಿನಲ್ಲಿ ದೋಷವೇನೂ ಇರುವುದಿಲ್ಲ. ಎಲ್ಲ ರೀಜನ್ ಆಡಿಸುವ ಪ್ಲೇಯರ್ ಇದ್ದರೆ ಸಮಸ್ಯೆ ಇಲ್ಲ. ಎಷ್ಟೋ ಮಾದರಿಗಳಲ್ಲಿ ಟ್ರೇ ತೆರೆದಿಟ್ಟು ರಿಮೋಟಿನಲ್ಲಿ ಆ ಮಾದರಿಗೆಂದೇ ಇರುವ ಅಂಕಿಸಾಲು ಒತ್ತಿದರೆ ಬೀಗ ತೆರೆಯುತ್ತದೆ.

ಕಂಪ್ಯೂಟರಿನ ಡ್ರೈವ್ ಬಗ್ಗೆ ಎಚ್ಚರ. ಅದರಲ್ಲಿ ರೀಜನ್ ಬದಲಿಸಲು ಒಟ್ಟು ಐದೇ ಅವಕಾಶ. ಐದನೆಯದರಲ್ಲಿ ಎಲ್ಲಿ ನಿಂತಿತೋ ಕೊನೆಯವರೆಗೂ ಅಲ್ಲೇ. ವಿಂಡೋಸನ್ನು ಹೊಸದಾಗಿ ಹಾಕಿದರೂ ಲೆಕ್ಕ ಅಳಿಯುವುದಿಲ್ಲ, ಯಾಕೆಂದರೆ ಅದು ಬರೆದಿರುವುದು ಡ್ರೈವಿನ ಒಳಗೆ. ಬೇರೆ ಬೇರೆ ರೀಜನಿನ ಡಿಸ್ಕ್ ಇರುವವರು ಹಳೆಯದೊಂದು ಡ್ರೈವನ್ನು ರೀಜನ್ 1ಕ್ಕೆ ಮೀಸಲಿಡುವುದು ಜಾಣತನ.

ರೀಜನ್ ಬೇರೆ, ಎನ್‌ಟಿಎಸ್‌ಸಿ–ಪಾಲ್ ಬೇರೆ. ಇವು ಟಿವಿ ಚಿತ್ರದ ಎರಡು ಪದ್ಧತಿಗಳು: ಅಮೆರಿಕದ್ದು ಎನ್‌ಟಿಎಸ್‌ಸಿ, ಭಾರತದ್ದು ಪಾಲ್. ಈ ಡಿಸ್ಕ್ ಎನ್‌ಟಿಎಸ್‌ಸಿ: 720×480 ಚುಕ್ಕಿ, ಸೆಕೆಂಡಿಗೆ 29.97 ಚೌಕಟ್ಟು. ಎಚ್‌ಡಿಎಂಐ ಇರುವ ಟಿವಿಗಳಿಗೆ ಇದು ಸಲೀಸು. ಹಳೆಯ ಪಾಲ್ ಪೆಟ್ಟಿಗೆ ಟಿವಿಯಲ್ಲಿ ಕಪ್ಪು ಬಿಳುಪಾಗಿ ಬಂದರೆ ಅಥವಾ ಚಿತ್ರ ಉರುಳಿದರೆ, ಪ್ಲೇಯರಿನ ಔಟ್‌ಪುಟ್ ಅನ್ನು ‘ಆಟೊ’ದಿಂದ ‘ಪಾಲ್’ಗೆ ಬದಲಿಸಿ ನೋಡಿ.

ಭೂಗೋಳ ಮೊಟ್ಟೆಯಂತೆ ಕಾಣುತ್ತದೆ, ಪಾತ್ರಗಳೆಲ್ಲ ಕುಳ್ಳಗೆ, ಅಗಲಕ್ಕೆ ಕಾಣುತ್ತಾರೆ.

ಈ ಸರಣಿಯಲ್ಲಿ ಒಂದು ಅನುಕೂಲವಿದೆ: ಪರೀಕ್ಷೆಗೆ ಬೇಕಾದ ವೃತ್ತ ತೆರೆಯ ಮೇಲೆಯೇ ಸಿಗುತ್ತದೆ. ಭೂಗೋಳ ಕಂಡಾಗ ನಿಲ್ಲಿಸಿ, ಸ್ಕೇಲ್ ಹಿಡಿದು ಅಗಲ, ಎತ್ತರ ಅಳೆಯಿರಿ. ಅಗಲ ಮೂರನೇ ಒಂದರಷ್ಟು ಹೆಚ್ಚಿದ್ದರೆ 4:3 ಚಿತ್ರವನ್ನು ಟಿವಿ 16:9ಕ್ಕೆ ಎಳೆದಿದೆ ಎಂದರ್ಥ. ಪ್ಲೇಯರಿನಲ್ಲಿ ‘ಟಿವಿ ಟೈಪ್’ 16:9 ಎಂದೇ ಇರಲಿ, ಅದರ ಜತೆಗಿರುವ ‘ಸ್ಕ್ರೀನ್ ಫಾರ್ಮ್ಯಾಟ್’ ಅನ್ನು ‘ಒರಿಜಿನಲ್’ ಅಥವಾ ‘4:3 ಪಿಲ್ಲರ್ ಬಾಕ್ಸ್’ ಮಾಡಿ. ಆಮೇಲೂ ಸರಿಹೋಗದಿದ್ದರೆ ಟಿವಿಯ ರಿಮೋಟಿನಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ ತನ್ನಿ. ಎರಡೂ ಕಡೆ ಕಪ್ಪು ಪಟ್ಟಿ ಬರುತ್ತದೆ, ಬರಬೇಕಾದದ್ದೇ. ‘ಜೂಮ್’ ಒತ್ತಿ ಪಟ್ಟಿ ಓಡಿಸಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಕತ್ತರಿಸಿ ಹೋಗುತ್ತದೆ. ಸುಳಿವುಗಳ ಬರಹ, ನಕ್ಷೆಯ ಹೆಸರುಗಳು ಬಹಳ ಸಲ ಅಂಚಿನ ಹತ್ತಿರವೇ ಇರುವುದರಿಂದ ಕಲಿಯುವ ಭಾಗವೇ ಮಾಯವಾಗುತ್ತದೆ.

ಪಾತ್ರಗಳು ಓಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಬರುತ್ತವೆ. ಇದು ಡಿಸ್ಕಿನ ದೋಷವೇ?

ದೋಷ ಎನ್ನುವುದಕ್ಕಿಂತ ಆ ಕಾಲದ ತಯಾರಿಕೆಯ ಗುರುತು ಎನ್ನಬಹುದು. 1990ರ ದಶಕದ ಟಿವಿ ಕಾರ್ಟೂನುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟಿನಂತೆ ಫಿಲ್ಮಿನಲ್ಲಿ ಹಿಡಿದು, ಆಮೇಲೆ ವಿಡಿಯೊ ಟೇಪಿಗೆ ವರ್ಗಾಯಿಸಿ, ಟೇಪಿನ ಮೇಲೆಯೇ ಸಂಕಲನ ಮಾಡುತ್ತಿದ್ದರು. 24 ಅನ್ನು 30ರ ಹತ್ತಿರಕ್ಕೆ ತರಲು ಪ್ರತಿ ನಾಲ್ಕು ಫಿಲ್ಮ್ ಚೌಕಟ್ಟನ್ನು ಐದು ವಿಡಿಯೊ ಚೌಕಟ್ಟಾಗಿ ಹಂಚುತ್ತಾರೆ. ಆ ಐದರಲ್ಲಿ ಎರಡರಲ್ಲಿ ಬೆಸ ಗೆರೆ ಒಂದು ಚಿತ್ರದ್ದು, ಸಮ ಗೆರೆ ಮುಂದಿನ ಚಿತ್ರದ್ದು. ಟ್ಯೂಬ್ ಟಿವಿಯಲ್ಲಿ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಒಮ್ಮೆಲೇ ಇಡೀ ಚೌಕಟ್ಟು ತೋರಿಸುವ ಇಂದಿನ ಪರದೆಯಲ್ಲಿ ಹಲ್ಲು ಹಲ್ಲಾಗಿ ಕಾಣುತ್ತದೆ.

ಒಳ್ಳೆಯ ಪ್ಲೇಯರ್ ಈ ಹಂಚಿಕೆಯ ಲಯ ಹಿಡಿದು ಚಿತ್ರಗಳನ್ನು ಮತ್ತೆ ಜೋಡಿಸುತ್ತದೆ. ಆದರೆ ಟೇಪಿನ ಮೇಲೆ ಕತ್ತರಿ ಆಡಿಸಿದಲ್ಲೆಲ್ಲ ಲಯ ತಪ್ಪಿರುತ್ತದೆ. ದೃಶ್ಯ ಬದಲಾದ ಕೂಡಲೇ ಅರೆಕ್ಷಣ ಗೆರೆ ಕಂಡು ಆಮೇಲೆ ಸರಿಹೋಗುವುದು ಅದಕ್ಕೇ. ಈ ಸರಣಿಯಲ್ಲಿ ಕೈಚಿತ್ರ, ಕಂಪ್ಯೂಟರ್ ಗ್ರಾಫಿಕ್ಸ್, ಕಂಪ್ಯೂಟರ್ ಮುಂದೆ ಕೂತ ಆಟಗಾರನ ನಿಜದ ದೃಶ್ಯ ಎಲ್ಲವೂ ಬೆರೆತಿರುವುದರಿಂದ ಲಯ ತಪ್ಪುವ ಜಾಗಗಳು ಹೆಚ್ಚು.

ಮಾಡಬಹುದಾದದ್ದು: ಪ್ಲೇಯರಿನಲ್ಲಿ ‘ಪ್ರೋಗ್ರೆಸಿವ್’ (ಇಡೀ ಚೌಕಟ್ಟಾಗಿ ಜೋಡಿಸಿ ಕಳಿಸುವುದು) ಆನ್ ಮಾಡಿ ನೋಡಿ, ಕೆಟ್ಟದಾಗಿ ಕಂಡರೆ ಆಫ್ ಮಾಡಿ, 480ಐ, ಅಂದರೆ ಬೆಸ, ಸಮ ಗೆರೆ ಬೇರೆ ಬೇರೆಯಾಗಿಯೇ ಕಳಿಸಿ, ಜೋಡಿಸುವ ಕೆಲಸವನ್ನು ಟಿವಿಗೆ ಬಿಡಿ. ಎರಡರಲ್ಲಿ ಯಾವುದು ಮೇಲು ಎಂಬುದು ನಿಮ್ಮ ಟಿವಿ, ಪ್ಲೇಯರ್ ಜೋಡಿಯ ಮೇಲೆ ನಿಂತಿದೆ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶ ಬಳಸುವವರು ವಿಡಿಯೊ ಮೆನುವಿನ ಡಿಇಂಟರ್‌ಲೇಸ್ ಆನ್ ಮಾಡಿ, ವಿಧಾನ ‘ಯಾಡಿಫ್’ ಆರಿಸಿ. ಟಿವಿಯ ‘ಮೋಷನ್ ಸ್ಮೂತಿಂಗ್’ ಮಾತ್ರ ಆಫ್ ಇರಲಿ. ಕಾರ್ಟೂನಿನಲ್ಲಿ ಒಂದೇ ಚಿತ್ರ ಎರಡು ಚೌಕಟ್ಟು ನಿಲ್ಲುವುದು ವಾಡಿಕೆ. ನಡುವಿನ ಚಲನೆಯನ್ನು ಟಿವಿ ತಾನೇ ಊಹಿಸಿ ಬಿಡಿಸಹೊರಟರೆ ಕೈಕಾಲು ಅಂಟಿನಂತೆ ಎಳೆಯುತ್ತವೆ.

ಚಿತ್ರ ಯಾಕೆ ಅಷ್ಟು ಚೂಪಾಗಿಲ್ಲ? ಆಕಾಶದಲ್ಲಿ ಚೌಕ ಚೌಕ ಕಾಣುತ್ತವೆ.

ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಒಂದು ಕಂತು ಸುಮಾರು 22 ನಿಮಿಷ. 40 ಕಂತಿಗೆ 880 ನಿಮಿಷ, ಅಂದರೆ 14 ಗಂಟೆ 40 ನಿಮಿಷ. ಅದನ್ನು ನಾಲ್ಕು ಡಿಸ್ಕಿಗೆ ಹಂಚಿದರೆ ಒಂದೊಂದರಲ್ಲಿ ಹತ್ತು ಕಂತು, 220 ನಿಮಿಷ. 8.5 ಜಿಬಿಯ ಎರಡು ಪದರದ ಡಿಸ್ಕ್ ಆದರೆ ದನಿಯೂ ಸೇರಿ ಸೆಕೆಂಡಿಗೆ ಸರಾಸರಿ 5.1 ಮೆಗಾಬಿಟ್ ಸಿಗುತ್ತದೆ. 4.7 ಜಿಬಿಯ ಒಂದು ಪದರಕ್ಕೆ ತುರುಕಿದರೆ ಬರೀ 2.8. ಡಿವಿಡಿ ಮಾನಕದಲ್ಲಿ ಚಿತ್ರಕ್ಕೊಂದಕ್ಕೇ 9.8ರವರೆಗೆ ಅವಕಾಶವಿದೆ. ಒಂದೇ ಬಣ್ಣದ ಗೋಡೆಗೆ ಕಡಿಮೆ ಬಿಟ್ ಸಾಕು. ಆದರೆ ಕಪ್ಪು ಶಾಯಿ ಗೆರೆಯ ಸುತ್ತ ಸೊಳ್ಳೆ ಹಾರಿದಂಥ ಚುಕ್ಕೆಗಳು, ಬಣ್ಣ ನಿಧಾನ ಬದಲಾಗುವ ಆಕಾಶದಲ್ಲಿ ಚೌಕಗಳು ಬಿಟ್ ಕೊರತೆಯ ಫಲ.

ನಿಮ್ಮ ಡಿಸ್ಕ್ ಯಾವ ಬಗೆಯದು ಎಂದು ಕಂಪ್ಯೂಟರಿನಲ್ಲಿ ಹಾಕಿ ಗಾತ್ರ ನೋಡಿದರೆ ಗೊತ್ತಾಗುತ್ತದೆ. ವಿಂಡೋಸಿನಲ್ಲಿ 4.37 ಜಿಬಿಗಿಂತ ಹೆಚ್ಚು ತೋರಿಸಿದರೆ ಎರಡು ಪದರ. ಟಿವಿಯ ‘ಶಾರ್ಪ್‌ನೆಸ್’ ಏರಿಸಿದರೆ ಚೂಪಾಗುವುದು ಚಿತ್ರಕ್ಕಿಂತ ಮೊದಲು ಆ ಸೊಳ್ಳೆಗಳು. ಸೊನ್ನೆಗೆ ಅಥವಾ ನಡುವಿನ ಮೌಲ್ಯಕ್ಕೆ ಇಳಿಸಿ. ಪ್ಲೇಯರಿನಲ್ಲಿ ‘ನಾಯ್ಸ್ ರಿಡಕ್ಷನ್’ ಇದ್ದರೆ ಕನಿಷ್ಠ ಮಟ್ಟದಲ್ಲಿಡಿ. ಹೆಚ್ಚಿಸಿದರೆ ನಕ್ಷೆಯ ಸಣ್ಣ ಅಕ್ಷರ ಮಸುಕಾಗುತ್ತದೆ.

ಬ್ಲೂರೇ ಬಂದರೆ ಎಚ್‌ಡಿ ಸಿಗುತ್ತದಲ್ಲವೇ?

ಸಂಕಲನವಾದ ಕಂತು ಟೇಪಿನಲ್ಲಿ ಮಾತ್ರ ಇದ್ದರೆ ಅದರಲ್ಲಿರುವುದೇ 480 ಗೆರೆ. ನಿಜವಾದ ಎಚ್‌ಡಿ ಬೇಕೆಂದರೆ ಮೂಲ ಫಿಲ್ಮ್ ಸುರುಳಿಗಳನ್ನು ಹುಡುಕಿ, ಮತ್ತೆ ಸ್ಕ್ಯಾನ್ ಮಾಡಿ, 40 ಕಂತನ್ನೂ ಶಾಟ್ ಶಾಟಾಗಿ ಮೊದಲಿನಿಂದ ಸಂಕಲಿಸಬೇಕು. ಆಗ ನೇರ ವಿಡಿಯೊದಲ್ಲೇ ತಯಾರಾದ ಗ್ರಾಫಿಕ್ಸ್ ಇದ್ದರೆ ಅದನ್ನು ಹೊಸದಾಗಿ ಮಾಡಬೇಕು. ಹಾಕಿದ ದುಡ್ಡು ಹುಟ್ಟುವ ಕೆಲಸವಲ್ಲ. ಇನ್ನೊಂದು ದಾರಿ ಇದೆ: ಎಸ್‌ಡಿ ಚಿತ್ರವನ್ನೇ 25 ಜಿಬಿಯ ಬ್ಲೂರೇಗೆ ಹಾಕುವುದು. ಬೇರೆ ಹಳೆಯ ಕಾರ್ಟೂನುಗಳು ಹೀಗೆ ಬಂದಿವೆ. ಗೆರೆ ಹೆಚ್ಚುವುದಿಲ್ಲ, ಚೌಕ, ಸೊಳ್ಳೆ ಕಡಿಮೆಯಾಗುತ್ತವೆ. ಕಂಪ್ಯೂಟರ್ ಊಹೆಯಿಂದ ಹಿಗ್ಗಿಸಿದ ಪ್ರತಿಗಳು ಮುಖಗಳಲ್ಲಿ ಪಾಸಾದರೂ ನಕ್ಷೆಯ ಅಕ್ಷರಗಳಲ್ಲಿ ಸಿಕ್ಕಿಬೀಳುತ್ತವೆ. ಊರ ಹೆಸರು ಓದಲಾಗದ ಭೂಗೋಳ ಪಾಠದಿಂದ ಏನು ಉಪಯೋಗ?

ಹೊದಿಕೆಯಲ್ಲಿ ‘ಸಿಸಿ’ ಗುರುತಿದೆ, ಆದರೆ ತೆರೆಯ ಮೇಲೆ ಅಕ್ಷರ ಬರುವುದಿಲ್ಲ.

ಎಚ್‌ಡಿಎಂಐ ತಂತಿಯಿಂದ ಆಗುವ ಅತಿ ಸಾಮಾನ್ಯ ಗೊಂದಲ ಇದು. ಅಮೆರಿಕದ ಕ್ಲೋಸ್ಡ್ ಕ್ಯಾಪ್ಷನ್ ಚಿತ್ರದ 21ನೇ ಗೆರೆಯಲ್ಲಿ ಅಡಗಿ ಹೋಗುವ ಸಂಕೇತ. ಅದನ್ನು ಬಿಡಿಸಿ ತೋರಿಸುವ ಕೆಲಸ ಟಿವಿಯದು. ಎಚ್‌ಡಿಎಂಐ ಆ ಸಂಕೇತವನ್ನು ಸಾಗಿಸುವುದಿಲ್ಲ. ರಿಮೋಟಿನ ‘ಸಬ್‌ಟೈಟಲ್’ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ, ಆ ಗುಂಡಿ ಡಿಸ್ಕಿನ ಸಬ್‌ಟೈಟಲ್ ಸಾಲಿಗೆ. ಹಳದಿ ಪಿನ್ನಿನ ಹಳೆಯ ತಂತಿ ಹಾಕಿ, ಟಿವಿಯ ಮೆನುವಿನಲ್ಲಿ ಕ್ಯಾಪ್ಷನ್ ಆನ್ ಮಾಡಿ. ಅಥವಾ ಡಿಸ್ಕನ್ನು ವಿಎಲ್‌ಸಿಯಲ್ಲಿ ಹಾಕಿ ಸಬ್‌ಟೈಟಲ್ ಪಟ್ಟಿಯಲ್ಲಿ ‘ಕ್ಲೋಸ್ಡ್ ಕ್ಯಾಪ್ಷನ್ಸ್ 1’ ಆರಿಸಿ. ಇಂಗ್ಲಿಷ್ ಓದಲು ಕಲಿಯುವ ಮಕ್ಕಳಿಗೆ ಈ ಅಕ್ಷರಗಳೇ ಅರ್ಧ ಪಾಠ. ಕೊಳ್ಳುವ ಮೊದಲು ಹಿಂಬದಿಯಲ್ಲಿ ಸಿಸಿಯೋ ಸಬ್‌ಟೈಟಲೋ ಎರಡೂ ಇಲ್ಲವೋ ನೋಡಿಕೊಳ್ಳಿ.

ಹೊಸ ಸೆಟ್ ಬಂತು. ಪೂರ್ತಿ ನೋಡದೆ ಪರೀಕ್ಷಿಸುವುದು ಹೇಗೆ?

ಮೊದಲು ಬೆಳಕಿಗೆ ಹಿಡಿದು ನಡುವಿನ ರಂಧ್ರದ ಸುತ್ತ ಕೂದಲೆಳೆ ಬಿರುಕು ಇದೆಯೇ ನೋಡಿ. ಇದ್ದರೆ ಪ್ಲೇಯರಿಗೆ ಹಾಕಲೇಬೇಡಿ, ವೇಗವಾಗಿ ಸುತ್ತುವಾಗ ಬಿರುಕು ಬೆಳೆಯುತ್ತದೆ. ಆಮೇಲೆ ಪ್ರತಿ ಡಿಸ್ಕಿನಲ್ಲಿ ಕೆಲವೇ ಜಾಗ ನೋಡಿದರೆ ಸಾಕು. ಡಿವಿಡಿಯಲ್ಲಿ ಮಾಹಿತಿ ಒಳಗಿನಿಂದ ಹೊರಕ್ಕೆ ಬರೆದಿರುತ್ತದೆ. ಬೆರಳಿನ ಗುರುತು, ಅಚ್ಚಿನ ದೋಷ ಹೆಚ್ಚಾಗಿ ಕೂರುವುದು ಹೊರ ಅಂಚಿನಲ್ಲಿ. ಒಂದು ಪದರದ ಡಿಸ್ಕಿನಲ್ಲಿ ಆ ಅಂಚು ಎಂದರೆ ಕೊನೆಯ ಕಂತು. ಎರಡು ಪದರದ್ದಾದರೆ ಮೊದಲ ಪದರ ಹೊರಕ್ಕೆ ಹೋಗಿ ಎರಡನೆಯದು ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ಬರುತ್ತದೆ, ಹಾಗಾಗಿ ಅಂಚು ಎಂದರೆ ಹತ್ತರಲ್ಲಿ ಐದನೆಯ, ಆರನೆಯ ಕಂತು. ಅವನ್ನು ಪೂರ್ತಿ ಓಡಿಸಿ, ಉಳಿದವುಗಳ ಶುರು ಮತ್ತು ಕೊನೆ ನೋಡಿ. ಪದರ ಬದಲಾಗುವಲ್ಲಿ ಅರ್ಧ, ಒಂದು ಸೆಕೆಂಡ್ ಚಿತ್ರ ನಿಂತು ಮುಂದುವರಿದರೆ ಅದು ಸಹಜ. ಅದೇ ಜಾಗದಲ್ಲಿ ಎರಡು ಬೇರೆ ಪ್ಲೇಯರುಗಳು ಸಿಕ್ಕಿಹಾಕಿಕೊಂಡರೆ ಬದಲಿ ಕೇಳಿ. ಒಂದರಲ್ಲಿ ಮಾತ್ರ ಸಿಕ್ಕರೆ ಆ ಪ್ಲೇಯರಿನ ಲೆನ್ಸ್ ಒರೆಸುವ ಕಾಲ ಬಂದಿದೆ.

ನಕಲಿ ಸೆಟ್ ಗುರುತಿಸುವುದು ಹೇಗೆ?

ತಿರುಗಿಸಿ ಕೆಳಗಿನ ಮೈ ನೋಡಿ. ಕಾರ್ಖಾನೆಯಲ್ಲಿ ಒತ್ತಿದ್ದು ಬೆಳ್ಳಿ ಅಥವಾ ತಿಳಿ ಚಿನ್ನದ ಬಣ್ಣ. ಮನೆಯಲ್ಲಿ ಬರೆದದ್ದು ನೇರಳೆ ಛಾಯೆ. ಒಳ ಉಂಗುರದಲ್ಲಿ ಕೊರೆದ ಸಂಖ್ಯೆ, ಅಚ್ಚು ಹಾಕಿದ ಕಾರ್ಖಾನೆ ಗುರುತಿಸುವ ಸಣ್ಣ ಐಎಫ್‌ಪಿಐ ಸಂಕೇತ ಇಲ್ಲದಿದ್ದರೆ ಅನುಮಾನಿಸಿ. ‘ಎಲ್ಲ ಕಂತು, ಎಲ್ಲ ರೀಜನ್, ಎರಡೇ ಡಿಸ್ಕ್’ ಎಂದರೆ ಕೊಳ್ಳಬೇಡಿ.

ಡಿಸ್ಕ್ ತೆಗೆಯುವುದು, ಒರೆಸುವುದು, ಇಡುವುದು?

ನಡುವಿನ ಗುಂಡಿಯನ್ನು ಒಂದು ಬೆರಳಲ್ಲಿ ಒತ್ತಿ, ಡಿಸ್ಕ್ ತಾನೇ ಬಿಡಿಸಿಕೊಂಡ ಮೇಲೆ ಅಂಚು ಹಿಡಿದು ಎತ್ತಿ. ಅಂಚು ಹಿಡಿದು ಮೀಟಿದರೆ ಬಾಗುತ್ತದೆ. ಡಿವಿಡಿ ಎಂದರೆ 0.6 ಮಿಲಿಮೀಟರಿನ ಎರಡು ತೆಳು ಬಿಲ್ಲೆ ಅಂಟಿಸಿದ್ದು. ಮಾಹಿತಿ ಇರುವುದು ನಡುವೆ. ಬಾಗಿಸಿದಷ್ಟೂ ಅಂಟು ಸಡಿಲವಾಗಿ ಗಾಳಿ ನುಗ್ಗಿ, ಲೋಹದ ಪದರ ಮಂಕಾಗುತ್ತದೆ. ಮಕ್ಕಳಿಗೆ ಕಂತು ತೋರಿಸುವ ಮೊದಲು ಇದನ್ನು ತೋರಿಸಿ.

ಒರೆಸಲು ಮೆತ್ತನೆಯ ಒಣ ಮೈಕ್ರೋಫೈಬರ್ ಬಟ್ಟೆ, ಜಿಡ್ಡಿದ್ದರೆ ನೀರು, ಐಸೊಪ್ರೊಪೈಲ್ ಆಲ್ಕೋಹಾಲ್. ರಂಧ್ರದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಅಲ್ಲ. ಅಡ್ಡ ಗೀರನ್ನು ಪ್ಲೇಯರ್ ದೋಷ ತಿದ್ದುವ ಲೆಕ್ಕದಲ್ಲಿ ದಾಟಿಬಿಡುತ್ತದೆ. ಸುತ್ತಿನ ಗುಂಟ ಬಿದ್ದ ಗೀರಿನಲ್ಲಿ ಒಟ್ಟಿಗೆ ಬಹಳ ಮಾಹಿತಿ ಹೋಗುತ್ತದೆ. ಟೂತ್‌ಪೇಸ್ಟ್ ಉಜ್ಜುವ ಉಪಾಯ ಕೊನೆಗೆ ಉಳಿಯಲಿ. ಇಡುವಾಗ ಪೆಟ್ಟಿಗೆ ನಿಲ್ಲಿಸಿಡಿ, ಬಿಸಿಲಿಗೆ ದೂರ, 20 ಡಿಗ್ರಿ ಮೀರದ ಒಣ ಜಾಗ ಉತ್ತಮ.

ಪ್ರತಿ ಮಾಡಿಕೊಳ್ಳಬಹುದೇ?

ಅಮೆರಿಕದಲ್ಲಿ ಡಿಸ್ಕಿನ ಸಿಎಸ್‌ಎಸ್ ಬೀಗ (ನಕಲು ತಡೆಯುವ ಗೂಢಲಿಪಿ) ಒಡೆಯುವುದು ಸ್ವಂತ ಬಳಕೆಗಾದರೂ ಡಿಎಂಸಿಎ ಎಂಬ ಹಕ್ಕುಸ್ವಾಮ್ಯ ಕಾನೂನಿಗೆ ವಿರುದ್ಧ. ಬೇರೆ ದೇಶಗಳಲ್ಲಿ ನಿಯಮ ಬೇರೆ. ಬೀಗವಿಲ್ಲದ ಡಿಸ್ಕ್, ಕಾನೂನಿನ ಅಡ್ಡಿಯೂ ಇಲ್ಲ ಎಂದಾದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಈ ಸೆಟ್ಟಿಂಗ್ ಇಡಿ: ಡಿಟೆಲಿಸಿನ್ ‘ಡಿಫಾಲ್ಟ್’, ಡಿಕೂಂಬ್ ಆನ್, ಎಚ್.264, ಆರ್‌ಎಫ್ 18ರಿಂದ 20, ಟ್ಯೂನ್ ‘ಅನಿಮೇಷನ್’, ಚೌಕಟ್ಟಿನ ವೇಗ ‘ಮೂಲದಂತೆ’. ಶೀರ್ಷಿಕೆಗಳ ಪಟ್ಟಿಯಲ್ಲಿ 22 ನಿಮಿಷದವುಗಳ ಜತೆ 220 ನಿಮಿಷದ್ದೊಂದು ಕಂಡರೆ ಅದು ‘ಪ್ಲೇ ಆಲ್’. ಅವೇ ಕಂತುಗಳ ಸರಪಳಿ. ಅದನ್ನೂ ಆರಿಸಿದರೆ ಎಲ್ಲವೂ ಎರಡೆರಡು ಸಲ ಬರುತ್ತವೆ.

ತರಗತಿಯಲ್ಲಿ ತೋರಿಸಬಹುದೇ? ಮಾಹಿತಿ ಹಳತಾಗಿಲ್ಲವೇ?

ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ 110(1) ಕಲಮು ಲಾಭವಿಲ್ಲದ ಶಾಲೆಯಲ್ಲಿ, ಶಿಕ್ಷಕರು ಮಕ್ಕಳು ಎದುರುಬದುರು ಇದ್ದು, ಪಾಠದ ಭಾಗವಾಗಿ, ಕಾನೂನುಬದ್ಧ ಡಿಸ್ಕಿನಿಂದ ತೋರಿಸಲು ಒಪ್ಪುತ್ತದೆ. ಮಳೆ ಬಂತೆಂದು ಆಟದ ಬದಲು ಹಾಕಿದರೆ ಆ ರಿಯಾಯಿತಿ ಇಲ್ಲ.

ಮಾಹಿತಿ 1990ರ ದಶಕದ್ದು ಎಂಬುದು ನೆನಪಿರಲಿ. ಜೈರ್ 1997ರಲ್ಲಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯವಾಯಿತು. ಹಾಂಕಾಂಗ್ ಅದೇ ವರ್ಷ ಜುಲೈ 1ರಂದು ಚೀನಾಕ್ಕೆ ಮರಳಿತು. ಪ್ಲೂಟೊ 2006ರಲ್ಲಿ ಗ್ರಹಗಳ ಪಟ್ಟಿಯಿಂದ ಇಳಿಯಿತು. ದಕ್ಷಿಣ ಸುಡಾನ್ ಹುಟ್ಟಿದ್ದು 2011ರಲ್ಲಿ. ‘ಅತಿ ಎತ್ತರದ ಕಟ್ಟಡ’ದಂಥ ದಾಖಲೆಗಳನ್ನಂತೂ ನಂಬುವುದೇ ಬೇಡ. ಇದನ್ನು ಕೊರತೆ ಎನ್ನುವುದಕ್ಕಿಂತ ಆಟವಾಗಿಸುವುದು ಮೇಲು: ಕಂತು ನಿಲ್ಲಿಸಿ, ಇಂದಿನ ಅಟ್ಲಾಸ್ ತೆರೆದು, ಏನು ಬದಲಾಗಿದೆ ಎಂದು ಮಕ್ಕಳಿಂದಲೇ ಹುಡುಕಿಸಿ. ಸುಳಿವು ಬಂದ ಕ್ಷಣದಲ್ಲಿ ನಿಲ್ಲಿಸಲು ರಿಮೋಟಿನ ಚಾಪ್ಟರ್ ಗುಂಡಿಗಿಂತ ನಿಮಿಷ–ಸೆಕೆಂಡ್ ಬರೆದಿಟ್ಟುಕೊಂಡ ಚೀಟಿ ವಾಸಿ. ಚಾಪ್ಟರುಗಳನ್ನು ಸಾಮಾನ್ಯವಾಗಿ ಸುಳಿವಿಗೆ ತಕ್ಕಂತೆ ಕತ್ತರಿಸಿರುವುದಿಲ್ಲ.